ಪಟ್ಟಿಗೆ ಬರುವ ಮೊದಲೇ ಬಂದ ಶಾಲುಗಳು

ಬಸ್ಸು ನಮ್ಮೂರು ಹಂಸಭಾವಿಯ ಸರ್ಕಲ್ಲಿಗೆ ತಿರುಗುವಾಗ ನಾನು ಅರೆನಿದ್ದೆಯಲ್ಲಿದ್ದೆ. ಸೊಲ್ಲಾಪುರದಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಹಾವೇರಿಗೆ ಒಂದು ಬಸ್ಸು, ಹಾವೇರಿಯಿಂದ ಈ ಬಸ್ಸು. ಮೊಣಕಾಲು ಊದಿತ್ತು, ಚಾಚಲು ಜಾಗವಿರಲಿಲ್ಲ. ಟೆನಿಸ್ ಆಡುವವರೆಂದರೆ ವಿಮಾನದಲ್ಲೇ ಓಡಾಡುತ್ತಾರೆ ಎಂದು ನಮ್ಮ ಕಡೆಯ ಮಂದಿ ತಿಳಿದಿದ್ದಾರೆ. ಮೇಲಿನವರು ಹಾಗೆ ಓಡಾಡಲಿ ಪಾಪ. ನಮ್ಮಂಥ ಕೆಳಗಿನವರು ರ‍್ಯಾಕೆಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು, "ಇದೇನ್ರಿ, ವೀಣಾ ಏನು?" ಎಂದು ಕೇಳಿದವರಿಗೆಲ್ಲ ಉತ್ತರ ಕೊಡುತ್ತ, ನಿಂತು ಕುಂತು ಊರು ಮುಟ್ಟುತ್ತೇವೆ.

ಪಕ್ಕದ ಹೆಂಗಸು ನನ್ನ ಭುಜ ಅಲುಗಿಸಿದಳು. "ತಂಗಿ, ಅಲ್ಲಿ ಇರೂದು ನೀನ ಅಲ್ಲೇನವಾ?"

ಕಣ್ಣುಜ್ಜಿಕೊಂಡು ನೋಡಿದೆ. ಸರ್ಕಲ್ಲಿನಲ್ಲಿ ಎರಡು ಬಿದಿರಿನ ಗಳಗಳ ನಡುವೆ ದೊಡ್ಡ ಫ್ಲೆಕ್ಸು. ಅದರಲ್ಲಿ ನನ್ನ ಮುಖ. ಮುಖ ಮಾತ್ರ ನನ್ನದು, ಅದೂ ಎಸ್ಸೆಸ್ಸೆಲ್ಸಿಯ ಕಾಲದ್ದು, ಎರಡು ಜಡೆ. ಕುತ್ತಿಗೆಯಿಂದ ಕೆಳಗೆ ಯಾರೋ ಬಿಳಿಯ ಹುಡುಗಿ, ಎಡಗೈಯಲ್ಲಿ ರ‍್ಯಾಕೆಟ್ ಬೀಸುತ್ತಿದ್ದಳು. ನಾನು ಬಲಗೈಯವಳು. ಕೆಳಗೆ ಸಾಲಾಗಿ ಶುಭ ಕೋರುವವರ ಫೋಟೋಗಳು, ಅವರಲ್ಲಿ ಅರ್ಧ ಜನ ಕಿವಿಗೆ ಮೊಬೈಲು ಹಚ್ಚಿಕೊಂಡವರು. ಮೇಲೆ ದಪ್ಪ ಅಕ್ಷರದಲ್ಲಿ: ವಿಶ್ವ ಟೆನಿಸ್ ಪಟ್ಟಿಯಲ್ಲಿ ಸ್ಥಾನ ಪಡೆದ ನಮ್ಮ ಹೆಮ್ಮೆಯ ಮಗಳಿಗೆ ಹಾರ್ದಿಕ ಅಭಿನಂದನೆಗಳು.

ನಾನು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಈ ಪಟ್ಟಿಯ ಕಥೆಯನ್ನು ಒಮ್ಮೆ ಹೇಳಿಬಿಡುತ್ತೇನೆ, ಆಮೇಲೆ ಕೇಳಬೇಡಿ. ನಾವು ಆಡುವ ಚಿಕ್ಕ ಟೂರ್ನಮೆಂಟುಗಳಲ್ಲಿ ಮೊದಲು ಅರ್ಹತಾ ಸುತ್ತು ಗೆಲ್ಲಬೇಕು. ಗೆದ್ದರೆ ಮುಖ್ಯ ಸುತ್ತು. ಅಲ್ಲಿ ಒಂದು ಪಂದ್ಯ ಗೆದ್ದರೆ ಪಾಯಿಂಟು. ಹೀಗೆ ಮೂರು ಬೇರೆ ಬೇರೆ ಟೂರ್ನಮೆಂಟಿನಲ್ಲಿ ಪಾಯಿಂಟು ಬಂದರೆ ಮಾತ್ರ ಜಗತ್ತಿನ ಆಟಗಾರ್ತಿಯರ ಪಟ್ಟಿಯಲ್ಲಿ ಹೆಸರು. ಪಾಯಿಂಟಿನ ಆಯುಷ್ಯ ಒಂದು ವರ್ಷ, ಆಮೇಲೆ ಅದು ಅಳಿಸಿಹೋಗುತ್ತದೆ. ನನ್ನ ಮೊದಲನೆಯದು ಹಿಂದಿನ ಮಳೆಗಾಲದ್ದು. ಎರಡನೆಯದು ಈಗ ಸೊಲ್ಲಾಪುರದಲ್ಲಿ ಬಂದಿತ್ತು. ಮುಂದಿನ ವಾರ ನಾಗಪುರ. ಅಲ್ಲಿ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಪಟ್ಟಿ. ಸೋತರೆ ಮೊದಲನೆಯದು ಅಳಿಸಿ, ಕೈಯಲ್ಲಿ ಒಂದೇ ಉಳಿದು, ಮತ್ತೆ ಮೊದಲಿನಿಂದ ಎಲ್ಲ. ಆ ಮೊದಲಿನಿಂದ ಅನ್ನುವುದನ್ನು ನೆನೆಸಿಕೊಂಡರೇ ನನಗೆ ಹಾಸಿಗೆ ಹಿಡಿಯಬೇಕು ಅನಿಸುತ್ತಿತ್ತು.

ಸೊಲ್ಲಾಪುರದಿಂದ ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ಅಪ್ಪ ಗೊಬ್ಬರ, ಬೀಜದ ಅಂಗಡಿಯವನು. ಧಾರವಾಡದಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಹಿಂದಿನ ಗೋಡೆಗೆ ಆತು ನಿಂತು, ಆಚೆಯ ಕ್ಲಬ್ಬಿನಲ್ಲಿ ಸಾಹೇಬರು ಟೆನಿಸ್ ಆಡುವುದನ್ನು ನೋಡುತ್ತಿದ್ದನಂತೆ. ಒಂದು ದಿನವೂ ರ‍್ಯಾಕೆಟ್ ಮುಟ್ಟಿದವನಲ್ಲ. ನನಗೆ ಒಂಬತ್ತು ತುಂಬಿದಾಗ ಧಾರವಾಡದ ಚಿಗವ್ವನ ಮನೆಯಲ್ಲಿ ಬಿಟ್ಟು, ಅದೇ ಕ್ಲಬ್ಬಿಗೆ ಸೇರಿಸಿ ಬಂದ. ಯಾಕೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಅವನ ಹತ್ತಿರ ಒಂದೇ ಉತ್ತರ: "ನೋಡಾಕ ಭಾಳ ಚಂದ ಐತ್ರಿ ಆ ಆಟ."

ಮನೆಗೆ ಬಂದು ಚೀಲ ಇಳಿಸುವ ಮೊದಲೇ ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಊಟಕ್ಕೆ ಬಂದು ತಾಟಿನ ಮುಂದೆ ಕುಳಿತಿದ್ದ.

"ಅಪ್ಪಾ, ನಾ ಪಟ್ಟ್ಯಾಗ ಯಾವಾಗ ಬಂದೆ?"

"ಬರ್ತಿಯಲ್ಲವಾ ಈಗ."

"ಬರೂದು ಬ್ಯಾರೆ, ಬಂದದ್ದು ಬ್ಯಾರೆ. ಆ ಫ್ಲೆಕ್ಸ್ ಯಾರ ಹಾಕ್ಸಿದ್ರು?"

"ನಿಮ್ಮ ಕಾಕಾ."

ದೂರದ ಸಂಬಂಧದ ಕಾಕಾ. ಹಿರೇಕೆರೂರಿನಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ, ಸುತ್ತ ಎಲ್ಲ ತಾಲೂಕಿನ ಪೇಟೆಗಳಲ್ಲಿ ಗೆಳೆಯರು, ಯಾವುದೋ ಸಂಘಕ್ಕೆ ಅಧ್ಯಕ್ಷ. ಅಪ್ಪ ಅಂಗಡಿಯಲ್ಲಿ ಕೂತು ಇನ್ನೊಂದೇ ಪಂದ್ಯ ಉಳಿದಿದೆ ಎಂದು ಹೇಳಿಕೊಂಡಿದ್ದ. ಕಾಕಾನಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಫ್ಲೆಕ್ಸಿಗೆ ಆರ್ಡರು, ಮರುದಿನ ಹಿರೇಕೆರೂರು, ಹಾನಗಲ್ಲು, ಸವಣೂರು, ಶಿಗ್ಗಾಂವಿ ನಾಲ್ಕೂ ಕಡೆ ಸನ್ಮಾನ ಗೊತ್ತು. ಅಪ್ಪ ಓಡಿಹೋಗಿ, ಇನ್ನೂ ಆಗಿಲ್ಲ, ತಡಿ ಮಾರಾಯ ಎಂದನಂತೆ. ಅದಕ್ಕೆ ಕಾಕಾ, "ಹೊಲದಾಗ ನಿಂತ ಬೆಳಿಗೆ ನಾವು ಸಂಚಕಾರ ಕೊಟ್ಟು ವ್ಯಾಪಾರ ಮುಗಸಂಗಿಲ್ಲೇನು? ಇದೂ ಹಂಗ ಅಂತ ತಿಳ್ಕೋ" ಎಂದುಬಿಟ್ಟ. ರಾಶಿಯಾಗುವ ಮೊದಲೇ ಮುಂಗಡ ಕೊಟ್ಟು ಮಾಲು ತಮ್ಮದೆನ್ನುವ ಮಂದಿ ಇವರು. ನನ್ನನ್ನೂ ಹಾಗೇ ಕೊಂಡಿದ್ದರು.

"ಬೆಳಿ ಹಾಳಾದ್ರ?" ಎಂದೆ ನಾನು.

ಅಪ್ಪ ರೊಟ್ಟಿ ಮುರಿದ, ತಿನ್ನಲಿಲ್ಲ. "ಒಂದ ವಾರದ ಮಾತವಾ. ಮುಂದಿನ ವಾರ ಖರೇನ ಆಕ್ಕೈತಿ. ಆಮ್ಯಾಲೆ ಯಾರು ಕೇಳ್ತಾರ, ಮೊದಲ ಆತೋ ಆಮ್ಯಾಲೆ ಆತೋ ಅಂತ?"

ಅವ್ವ ಹಂಚಿನ ಕಡೆಗೇ ಮುಖ ಮಾಡಿಕೊಂಡು ಹೇಳಿದಳು: "ಹೂಂ ಅನ್ನಾಕ ಬಾಯಿ ಬರತೈತಿ ಇವರಿಗೆ, ಬ್ಯಾಡ ಅನ್ನಾಕ ಬರಂಗಿಲ್ಲ. ನನ್ನ ಲಗ್ನಾದಾಗಿಂದ ನೋಡಾಕತ್ತೇನಿ."

ನನಗೆ ತಲೆ ಕೆಟ್ಟು ಮೊಸರಗಡಿಗೆಯಾಯಿತು. ನಾನು ಊರಿಗೆ ಬಂದದ್ದು ಮಲಗಲಿಕ್ಕೆ. ಕಾಲಿಗೆ ಐಸು ಇಡಬೇಕು, ಅವ್ವನ ಕೈಯ ಊಟ ಉಣ್ಣಬೇಕು, ಸಂಜೆ ಗೊಬ್ಬರದ ಗೋದಾಮಿನ ಗೋಡೆಗೆ ಒಂದಿಷ್ಟು ಚೆಂಡು ಹೊಡೆದು ಕೈ ಸಡಿಲ ಮಾಡಿಕೊಳ್ಳಬೇಕು, ಇಷ್ಟೇ ಲೆಕ್ಕ. ಇನ್ನು ಮೇಲೆ ನಾಗಪುರದಲ್ಲಿ ನಾನು ಸೋತರೆ ನನ್ನ ಆಟ ಮಾತ್ರ ಹಿಂದಕ್ಕೆ ಬೀಳುವುದಿಲ್ಲ, ನಾಲ್ಕು ತಾಲೂಕಿನಲ್ಲಿ ಅಪ್ಪ ಸುಳ್ಳನಾಗುತ್ತಾನೆ. ಬಿತ್ತನೆಯ ಹೊತ್ತು. ದಿನಾ ನೂರಾರು ರೈತರು ಬೀಜಕ್ಕೆ ಬಂದು ಅವನ ಮುಂದೆ ನಿಲ್ಲುತ್ತಾರೆ. ಇವನ ಮಾತಿನ ಮೇಲೆ ಬೀಜ ಒಯ್ಯುವವರು ಅವರು.

ಹಿರೇಕೆರೂರಿನದು ಮೊದಲು. ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ ಕಾರ್ಯಕ್ರಮ ಎಂದಿದ್ದರು, ಮುಖ್ಯ ಅತಿಥಿ ಬಂದದ್ದು ಊಟದ ಹೊತ್ತಿಗೆ. ಅಲ್ಲಿಯವರೆಗೆ ನನ್ನನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿದ್ದರು. ಮೊಣಕಾಲು ಬಿಗಿಯತೊಡಗಿತು. ಚಾಚಿದರೆ ಮುಂದಿನ ಸಾಲಿನ ಹಿರಿಯರ ಕಡೆಗೆ ಕಾಲು ಮಾಡಿದಂತಾಗುತ್ತದೆ. ಮಡಚಿಯೇ ಕುಳಿತೆ. ಆಮೇಲೆ ಭಾಷಣ. ಒಬ್ಬರು ನಾನು ಶಟಲ್ ಆಡುತ್ತೇನೆಂದು ತಿಳಿದಿದ್ದರು. ಇನ್ನೊಬ್ಬರು ನನಗೆ ಒಲಿಂಪಿಕ್ಸಿನ ಚಿನ್ನವನ್ನು ಆಶೀರ್ವಾದದ ರೂಪದಲ್ಲಿ ಕೊಟ್ಟೇಬಿಟ್ಟರು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಜೂನ್ ತಿಂಗಳ ಸೆಕೆಯಲ್ಲಿ ಉಣ್ಣೆಯ ಶಾಲು ಹೊದ್ದು ಫೋಟೋಕ್ಕೆ ನಗುವುದಿದೆಯಲ್ಲ, ಅದಕ್ಕಿಂತ ಟೈಬ್ರೇಕ್ ಆಡುವುದು ಸುಲಭ.

ಹಾನಗಲ್ಲಿನಲ್ಲಿ ಒಂದು ಹೈಸ್ಕೂಲು. ಅಲ್ಲಿ ಮಕ್ಕಳಿದ್ದರು, ಮಾವಿನ ಹಣ್ಣಿನ ಶರಬತ್ತು ಕೊಟ್ಟರು, ನನಗೂ ಸ್ವಲ್ಪ ಜೀವ ಬಂತು. ಕಾಕಾ ಮೈಕು ಹಿಡಿದು, "ಮಕ್ಕಳ್ರ್ಯಾ, ಏನರ ಕೇಳೂದಿದ್ರ ಕೇಳ್ರಿ, ಅಂಜಬ್ಯಾಡ್ರಿ" ಎಂದ. ಯಾರೂ ಕೇಳಲಿಲ್ಲ. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಗಟ್ಟಿ ದನಿ.

"ಅಕ್ಕಾರ, ಪಟ್ಟ್ಯಾಗ ನಿಮ್ಮ ನಂಬರ್ ಎಷ್ಟ್ರಿ?"

ಇಷ್ಟು ದಿನ ದೊಡ್ಡವರು ಯಾರೂ ಕೇಳದ ಪ್ರಶ್ನೆ. ಕಾಕಾ ಅಪ್ಪನ ಕಡೆ ನೋಡಿದ. ಅಪ್ಪ ಕುಳಿತಲ್ಲಿಂದಲೇ ಹೇಳಿದ: "ಅದು ವಾರಾ ವಾರಾ ಬದಲ ಆಕ್ಕೈತಿ ತಂಗಿ. ಸೋಮವಾರಕ್ಕೊಮ್ಮೆ ಹೊಸಾದು ಬರತೈತಿ."

ಹುಡುಗಿ ಇನ್ನೂ ನಿಂತೇ ಇದ್ದಳು. ಹಿಂದಿನ ಸೋಮವಾರದ್ದು ಎಷ್ಟು ಎಂದು ಕೇಳುತ್ತಾಳೆ ಎಂದು ನಾನು ಕಾದೆ. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಮಾಸ್ತರರು ಕೈಸನ್ನೆ ಮಾಡಿ ಕೂರಿಸಿದರು, ಎಲ್ಲರೂ ಚಪ್ಪಾಳೆ ಹೊಡೆದರು. ಅಪ್ಪ ಹೇಳಿದ್ದು ಸುಳ್ಳೂ ಅಲ್ಲ. ಅದೇ ನನಗೆ ಹೆಚ್ಚು ಉರಿಯಿತು. ಅವನಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಹಾಗಾಗಿ ನಿಜವನ್ನೇ ಹುಡುಕಿ ತೆಗೆದು ಅಡ್ಡ ಹಿಡಿದಿದ್ದ.

ವಾಪಸು ಬರುವಾಗ ಕಾಕಾನ ಜೀಪಿನಲ್ಲಿ, "ಚಲೋ ಹೇಳ್ದಿ ನೋಡಪ್ಪಾ" ಎಂದೆ. ಅಪ್ಪ ಬುಟ್ಟಿಯಿಂದ ಒಂದು ಬಾಳೆಹಣ್ಣು ಸುಲಿದು ನನ್ನ ಕೈಗೆ ಕೊಟ್ಟ. ನಾನು ಅದರಲ್ಲಿ ಅರ್ಧ ಮುರಿದು ಅವನಿಗೇ ಕೊಟ್ಟೆ.

ಸವಣೂರಿಗೆ ಹೋಗುವ ದಿನ ಹತ್ತಿಮತ್ತೂರಿನಲ್ಲಿ ಅಪ್ಪನ ಅಕ್ಕನ ಮನೆಯಲ್ಲಿ ಇಳಿಯಲೇಬೇಕಾಯಿತು. ಮನೆಯ ಮುಂದಿನಿಂದ ಹಾಯ್ದು ಹೋಗುತ್ತ ಒಳಗೆ ಹೋಗದಿದ್ದರೆ ಅತ್ತಿ ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆ. ಶೇಂಗಾ ಹೋಳಿಗೆ, ತುಪ್ಪ, ಎಣಗಾಯಿ. ಒಲ್ಲೆ ಎಂದರೆ, "ಆಟಾ ಆಡಾವ್ರು ಉಣಬೇಕವಾ, ಇಲ್ಲಾಂದ್ರ ಶಕ್ತಿ ಎಲ್ಲಿಂದ ಬರಬೇಕು?" ಎಂದು ಇನ್ನೊಂದು ಹಾಕಿದಳು. ಓಣಿಯ ಹೆಂಗಸರು ನೆರೆದು ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ. ಒಬ್ಬ ಮುದುಕಿ ನನ್ನ ಬಲಗೈ ಹಿಡಿದು, ಅಂಗೈಯ ಗಂಟುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. "ಇದೇನ ಹಡೆದವ್ವಾ, ಕುಡಗೋಲು ಹಿಡಿದವರ ಕೈ ಇದ್ದಂಗ ಐತಲ್ಲ. ಓದಿದ ಹುಡುಗಿ ಅಂದ್ರು ನಂಗ." ನನಗೆ ಆ ದಿನಗಳಲ್ಲಿ ಸಿಕ್ಕ ನೆಟ್ಟಗಿನ ಮಾತು ಅದೊಂದೇ.

ಸವಣೂರಿನಲ್ಲಿ ಎಲೆ ಅಡಿಕೆಯ ತಟ್ಟೆ, ಕುರುಕಲು ಖಾರಾದ ಪೊಟ್ಟಣ, ಶಾಲು. ವೇದಿಕೆಯಲ್ಲಿ ಒಂದು ಚೆಂಡು ಹೊಡೆದು ತೋರಿಸಬೇಕೆಂದು ಹಟ ಹಿಡಿದರು. ಸೀರೆ ಉಟ್ಟಿದ್ದೆ. ಮೇಲೆ ಶಾಲು, ತಲೆಗೆ ಪೇಟ. ಮೆಲ್ಲಗೆ ಒಂದು ಹೊಡೆದೆ, ಅದು ಮೂರನೆಯ ಸಾಲಿನ ಒಬ್ಬ ಹಿರಿಯರ ಮಡಿಲಿಗೆ ಹೋಗಿ ಬಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟುಕೊಂಡರು. ಮಂದಿ ನನ್ನ ಮೇಲೆ ಇಟ್ಟ ಪ್ರೀತಿ ಸುಳ್ಳಾಗಿರಲಿಲ್ಲ. ಅದು ಸುಳ್ಳಾಗಿದ್ದರೆ ಎದ್ದು ಹೋಗುವುದು ಎಷ್ಟು ಸರಳವಾಗುತ್ತಿತ್ತು.

ಮನೆಗೆ ಬಂದು ಗೋದಾಮಿನ ಗೋಡೆಗೆ ಚೆಂಡು ಹೊಡೆಯಲು ನಿಂತೆ. ಮೊಣಕಾಲು ಬಗ್ಗಲಿಲ್ಲ. ಬಂದ ಚೆಂಡಿಗೆ ಒಂದು ಗಳಿಗೆ ತಡವಾಗಿ ತಲುಪುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪನಿಗೂ ಅದು ಕಂಡಿತು. ಇಷ್ಟು ವರ್ಷ ನೋಡಿ ನೋಡಿ ಅವನ ಕಣ್ಣು ಕಲಿತಿದೆ.

"ನೋವು ಭಾಳ ಐತೇನು?"

"ನೋವಲ್ಲ. ಸುಸ್ತು."

"ಶಿಗ್ಗಾಂವಿಗೆ ಬ್ಯಾಡ ಅಂತ ಹೇಳ್ಲೇನು?"

"ಹೇಳಾಕ ಆಕ್ಕೈತೇನು ನಿನಗ?"

ಉರುಳಿ ಬಂದ ಚೆಂಡನ್ನು ಎತ್ತಿ ಕೊಟ್ಟು ಒಳಗೆ ಹೋದ. ಫೋನಿನಲ್ಲಿ ಕಾಕಾನ ಜೊತೆ ಮಾತಾಡುವುದು ಕೇಳಿಸಿತು. ಹೂಂ, ಹೂಂ, ಹೌದು, ಬರ್ತೇವಿ. ಅವ್ವ ಅಡುಗೆ ಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಇಟ್ಟಳು.

ಶಿಗ್ಗಾಂವಿಯಲ್ಲಿ ಸನ್ಮಾನ ಮುಗಿಸಿ ಅಲ್ಲಿಂದಲೇ ಹುಬ್ಬಳ್ಳಿಗೆ ಹೋಗಿ ರೈಲು ಹತ್ತುವುದೆಂದು ಗೊತ್ತಾಗಿತ್ತು. ಆ ಕಾರಣಕ್ಕೆ ಚೀಲಗಳನ್ನೂ ಒಯ್ದಿದ್ದೆ. ಜೀಪಿನಲ್ಲಿ ಕೂತಾಗಲೇ ನಿಶ್ಚಯ ಮಾಡಿಬಿಟ್ಟಿದ್ದೆ, ಇವತ್ತು ಮೈಕಿನಲ್ಲಿ ನಿಜ ಹೇಳುವುದೇ. ಈ ಭಾರ ಹೊತ್ತುಕೊಂಡು ನನಗೆ ಓಡಲಿಕ್ಕೆ ಆಗುವುದಿಲ್ಲ. ಅಪ್ಪನಿಗೆ ಕೆಡುಕೆನಿಸಬಹುದು. ಆದರೆ ಸೋತು ಬಂದ ಮೇಲೆ ಮಂದಿ ಬೇರೆ ಕಡೆಯಿಂದ ತಿಳಿದುಕೊಳ್ಳುವುದಕ್ಕಿಂತ ಇದು ವಾಸಿ ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ.

ಶಾಲು ಹೊದಿಸಿದ ಮೇಲೆ ಎರಡು ಮಾತು ಆಡಿರೆಂದು ಮೈಕು ಕೊಟ್ಟರು. ಸಭೆ ತುಂಬಿತ್ತು. ಅಪ್ಪ ಮುಂದಿನ ಸಾಲಿನಲ್ಲಿ, ಅವನಿಗೂ ಒಂದು ಶಾಲು ಹೊದಿಸಿದ್ದರು. ಅದು ಜಾರುತ್ತಿತ್ತು, ಎಳೆದುಕೊಳ್ಳುತ್ತಿದ್ದ. ನಾನು ಅವನನ್ನು ನೋಡದೆ ಹೇಳಿದೆ.

"ಎಲ್ಲಾರೂ ನನ್ನ ಕ್ಷಮಿಸ್ಬೇಕ್ರಿ. ಫ್ಲೆಕ್ಸ್‌ನ್ಯಾಗ ಬರೆದದ್ದು ಖರೇ ಅಲ್ಲ. ನಾ ಇನ್ನೂ ಆ ಪಟ್ಟ್ಯಾಗ ಬಂದಿಲ್ರಿ. ಇನ್ನೊಂದು ಪಂದ್ಯ ಗೆಲ್ಲಬೇಕ್ರಿ. ಗೆಲ್ಲತೇನೋ ಇಲ್ಲೋ ನನಗ ಗೊತ್ತಿಲ್ಲ. ಈ ಶಾಲಿಗೆ ನಾ ಇನ್ನೂ ಲಾಯಕ್ಕಿಲ್ರಿ."

ಹಿಂದಿನಿಂದ ಒಬ್ಬರು ಚಪ್ಪಾಳೆ ಶುರು ಮಾಡಿದರು. ಪಕ್ಕದವರು ಸೇರಿದರು. ಇಡೀ ಮಂಟಪ ಚಪ್ಪಾಳೆ. ನಿರೂಪಕರು ನನ್ನ ಕೈಯಿಂದ ಮೈಕು ತೆಗೆದುಕೊಂಡು, ಗದ್ಗದಿತರಾಗಿ, "ನೋಡ್ರಿ, ನೋಡ್ರಿ. ಇಷ್ಟು ಎತ್ತರಕ್ಕೆ ಏರಿದ್ರೂ ಎಂಥಾ ವಿನಯ. ಲಾಯಕ್ಕಿಲ್ಲ ಅಂತಾಳ ಮಗಳು. ಇದು ನಮ್ಮ ಮಣ್ಣಿನ ಸಂಸ್ಕಾರ" ಎಂದರು. ಒಬ್ಬ ತಾಯಿ ವೇದಿಕೆಗೆ ಹತ್ತಿ ಬಂದು ನನ್ನ ಗಲ್ಲ ಸವರಿ ಲಟಿಗೆ ಮುರಿದಳು. ಕಾಕಾ ಕಣ್ಣೊರೆಸಿಕೊಂಡ. ಖರೇ ಹೇಳುತ್ತೇನೆ, ನಾನು ಪಟ್ಟಿಯಲ್ಲಿದ್ದೇನೆಂದು ಅವನಿಗೂ ನಂಬಿಕೆ ಬಂದುಬಿಟ್ಟಿತ್ತು.

ಆ ಸಭೆಯಲ್ಲಿ ನಾನು ಹೇಳಿದ್ದನ್ನು ಹೇಳಿದಂತೆಯೇ ತೆಗೆದುಕೊಂಡವನು ಅಪ್ಪ ಒಬ್ಬನೇ. ಅವನು ಚಪ್ಪಾಳೆ ಹೊಡೆಯಲಿಲ್ಲ. ಶಾಲನ್ನು ಮೈಮೇಲಿಂದ ತೆಗೆದು, ಮಡಚಿ, ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟ.

ಬಸ್‌ಸ್ಟ್ಯಾಂಡಿನವರೆಗೆ ನನ್ನ ದೊಡ್ಡ ಚೀಲ ಹೊತ್ತು ತಂದ. ಹುಬ್ಬಳ್ಳಿ ಬಸ್ಸಿಗೆ ಕಾಯುವಾಗಲೂ ಅದನ್ನು ಹೆಗಲಿನಿಂದ ಇಳಿಸಲಿಲ್ಲ. ಬಸ್ಸು ಬಂದಾಗ ಹೇಳಿದ: "ಸೋತ್ರ ಸೋಲವಾ. ಮಂದೀದು ನಾ ನೋಡ್ಕೋತೇನಿ."

"ಹೆಂಗ ನೋಡ್ಕೋತಿ?"

"ಹೆಂಗೋ. ನೀ ಅದನ್ನ ತಲ್ಯಾಗ ಇಟ್ಕೋಬ್ಯಾಡ."

ತಲೆಯಲ್ಲಿ ಇಟ್ಟುಕೊಳ್ಳದೆ ಇರುವುದು ಹೇಗೆ? ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ನಡುವೆ ಇಳಿದು ಇನ್ನೊಂದು ಹಿಡಿದು, ನಾಗಪುರ ಮುಟ್ಟುವವರೆಗೂ ಅದೇ. ಮೇಲಿನ ಬರ್ತಿನಲ್ಲಿ ಕಾಲು ಗೋಡೆಗೆ ಎತ್ತಿಟ್ಟು ಮಲಗಿದ್ದೆ. ಕಣ್ಣು ಮುಚ್ಚಿದರೆ ಅಂಗಡಿ ಕಾಣುತ್ತಿತ್ತು, ಚೀಲ ಹಿಡಿದು ನಿಂತ ರೈತರು ಕಾಣುತ್ತಿದ್ದರು, "ಏನ್ರಿ, ಮಗಳ ಹೆಸರು ಪಟ್ಟ್ಯಾಗ ಇಲ್ಲಂತಲ್ಲ" ಎಂದು ಕೇಳುವವರು. ಹಾಗೆ ಕೇಳಿದರೆ ಅಪ್ಪ ಜಗಳವಾಡುವವನಲ್ಲ. ಬೀಜ ತೂಗುತ್ತ ತಲೆ ತಗ್ಗಿಸುತ್ತಾನೆ. ಅವನು ತಲೆ ತಗ್ಗಿಸುವುದನ್ನು ನೆನೆದು ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಅರ್ಹತಾ ಸುತ್ತು ಹೇಗೋ ದಾಟಿದೆ. ಮುಖ್ಯ ಸುತ್ತಿನಲ್ಲಿ ಎದುರು ಬಂದವಳು ನನಗಿಂತ ಎತ್ತರ, ಚಿಕ್ಕವಳು, ಜೊತೆಗೆ ಕೋಚು, ತಾಯಿ, ತಣ್ಣನೆಯ ಪೆಟ್ಟಿಗೆ ಎಲ್ಲ ಇತ್ತು. ಮಳೆ ಬಂದು ನಿಂತಿತ್ತು, ಅಂಗಳದಿಂದ ಹಬೆ ಏಳುತ್ತಿತ್ತು. ನೋಡುವವರು ಅಂತ ಯಾರೂ ಇರಲಿಲ್ಲ. ನಾಲ್ಕು ತಾಲೂಕಿನಲ್ಲಿ ತುಂಬಿದ ಸಭೆಗಳು, ಇಲ್ಲಿ ಕುರ್ಚಿಗಳ ಮೇಲೆ ಒಣಹಾಕಿದ ಟವೆಲ್ಲುಗಳು. ಮೊದಲ ಸೆಟ್ಟು ನೋಡನೋಡುತ್ತಲೇ ಹೋಯಿತು. ಅವಳ ಹೊಡೆತಗಳು ನನ್ನನ್ನು ದಾಟಿ ಹೋಗುತ್ತಿದ್ದವು, ನಾನು ತಿರುಗಿ ನೋಡುತ್ತಿದ್ದೆ, ಅಷ್ಟೇ.

ಎರಡನೆಯ ಸೆಟ್ಟಿನಲ್ಲಿ ನಾನು ಧೈರ್ಯ ಮಾಡಿದೆ, ಛಲ ಹಿಡಿದೆ ಎಂದು ಬರೆದರೆ ಓದಲು ಚೆಂದ. ನಿಜ ಏನೆಂದರೆ ನಾನು ಎಷ್ಟು ದಣಿದಿದ್ದೆನೆಂದರೆ ಜೋರಾಗಿ ಹೊಡೆಯುವ ಶಕ್ತಿಯೇ ಇರಲಿಲ್ಲ. ಚೆಂಡನ್ನು ಎತ್ತರಕ್ಕೆ ಎತ್ತಿ ಎತ್ತಿ ಹಾಕತೊಡಗಿದೆ. ಬೇರೇನೂ ಮಾಡಲು ತಿಳಿಯಲಿಲ್ಲ. ಆ ಹುಡುಗಿಗೆ ಅದು ಸರಿಬರಲಿಲ್ಲ. ವೇಗದ ಚೆಂಡು ಬಂದರೆ ತಿರುಗಿಸಿ ಹೊಡೆಯುತ್ತಿದ್ದಳು, ಇದು ಆಕಾಶದಿಂದ ಇಳಿದು ಬರುವವರೆಗೆ ಕಾಯಲು ಅವಳಿಗೆ ತಾಳ್ಮೆಯಿರಲಿಲ್ಲ. ನನಗೆ ಕಾಯುವುದು ಬರುತ್ತಿತ್ತು. ಬಸ್ಸಿಗೆ, ರೈಲಿಗೆ, ಮುಖ್ಯ ಅತಿಥಿಗೆ, ಎಲ್ಲದಕ್ಕೂ ಕಾದವಳು ನಾನು. ಅವಳು ಸಿಟ್ಟಾಗಿ ಹೊರಗೆ ಹೊಡೆದಳು, ನೆಟ್ಟಿಗೆ ಹೊಡೆದಳು. ಎರಡನೆಯ ಸೆಟ್ಟು ಬಂತು. ಮೂರನೆಯದರಲ್ಲಿ ನನ್ನ ಕಾಲು ಸತ್ತೇ ಹೋಗಿತ್ತು, ಒಂದೇ ಕಾಲಿನ ಮೇಲೆ ಭಾರ ಹಾಕಿ ಸರ್ವ್ ಮಾಡುತ್ತಿದ್ದೆ. ನೋಡಾಕ ಭಾಳ ಚಂದ ಎಂದು ಅಪ್ಪ ಹೇಳುವ ಆಟ ಅದಾಗಿರಲಿಲ್ಲ. ಕೊನೆಯ ಚೆಂಡನ್ನು ಅವಳು ಗೆರೆಯಾಚೆ ಹಾಕಿದಾಗ, ಅದು ಒಳಗೆ ಬಿತ್ತು ಎಂದೇ ತಿಳಿದು ಇನ್ನೊಂದು ಹೊಡೆತಕ್ಕೆ ಓಡುತ್ತಿದ್ದೆ. ಅಂಪೈರು ನನ್ನ ಹೆಸರು ಹೇಳಿದ ಮೇಲೆ ನಿಂತೆ.

ಕೈ ಕೊಟ್ಟು ಬಂದು ಕುರ್ಚಿಯಲ್ಲಿ ಬಿದ್ದೆ. ಸಂತೋಷ ಬರಲಿ ಎಂದು ಕಾದೆ. ಬಂದದ್ದು ಬಾಯಾರಿಕೆ. ನೀರು ಕುಡಿದು ಅಪ್ಪನಿಗೆ ಫೋನು ಮಾಡಿದೆ.

ಅಂಗಡಿಯಲ್ಲಿ ಗದ್ದಲ ಕೇಳಿಸುತ್ತಿತ್ತು. ಗೋವಿನಜೋಳದ ಬೀಜ ಯಾವುದು ಚಲೋ ಎಂದು ಯಾರೋ ಕೇಳುತ್ತಿದ್ದರು.

"ಅಪ್ಪಾ, ಗೆದ್ದೆ. ಸೋಮವಾರ ಪಟ್ಟ್ಯಾಗ ಹೆಸರು ಬರತೈತಿ."

"ಹೌದಾ," ಎಂದ. ಗೊಬ್ಬರದ ಲಾರಿ ಬಂತು ಎಂದು ಹೇಳಿದರೂ ಅಷ್ಟೇ ದನಿಯಲ್ಲಿ ಅನ್ನುತ್ತಾನೆ. "ಹೌದಾ. ಚಲೋ ಆತು. ಒಂದ ನಿಮಿಷ ತಡಿ."

ಚಪ್ಪಲಿ ಸರಸರ ಅಂದಿತು. ಗೋದಾಮಿನ ತಗಡಿನ ಬಾಗಿಲು ತೆರೆದು ಮುಚ್ಚಿದ ಸಪ್ಪಳ. ಆಮೇಲೆ ಗದ್ದಲ ಇಲ್ಲ. ಅಪ್ಪನ ಉಸಿರು ಮಾತ್ರ. ಅಳುತ್ತಿದ್ದಾನೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಅಜ್ಜ ಸತ್ತಾಗ ಬಿಟ್ಟರೆ ಅವನು ಅತ್ತದ್ದನ್ನು ನಾನು ಕೇಳಿರಲಿಲ್ಲ.

"ಅಪ್ಪಾ."

"ಹೂಂನವಾ."

"ಎಲ್ಲಾರಿಗೂ ಹೇಳು ಹೋಗು ಈಗ. ಅಂಜಿಕಿಲ್ದಂಗ ಹೇಳು."

"ಯಾರಿಗಂತ ಹೇಳ್ಲಿ?" ಎಂದ ಅಪ್ಪ. "ಎಲ್ಲಾರಿಗೂ ಗೊತ್ತೈತಲ್ಲವಾ. ಹಾರಾ ಹಾಕಿ ಮುಗಿಸ್ಯಾರ. ಈಗ ಹೋಗಿ, ನನ್ನ ಮಗಳು ಇವತ್ತು ಬಂದ್ಲು ಅಂದ್ರ, ಹುಚ್ಚ ಹಿಡದೈತೇನು ಅಂತಾರ. ಹನ್ನೆರಡು ವರ್ಷ ಆತು, ಈ ಮಾತು ಒಬ್ಬರ ಮುಂದರ ಹೇಳಬೇಕಂತ ಕಾಯ್ಕೋತ ಕುಂತಿದ್ದೆ. ಈಗ ಹೇಳಾಕ ಒಬ್ಬರೂ ಉಳೀಲಿಲ್ಲ."

ಅಂಗಳದಲ್ಲಿ ಮುಂದಿನ ಪಂದ್ಯದವರು ಬಂದಿದ್ದರು, ನನ್ನ ಕುರ್ಚಿ ಖಾಲಿಯಾಗಲಿ ಎಂದು ನಿಂತಿದ್ದರು. ಏಳಲು ಹೋದೆ, ಕಾಲು ಬರಲಿಲ್ಲ.

"ನನ್ನ ಮುಂದ ಹೇಳಪ್ಪಾ," ಎಂದೆ.

"ನಿನಗೇನು ಹೇಳೂದು, ಆಡಿದಾಕಿ ನೀನ."

"ಇರಲಿ. ನಂಗೊತ್ತಿಲ್ಲ ಅಂತ ತಿಳ್ಕೊಂಡು ಹೇಳು."

ಅವನು ಮೂಗು ಒರೆಸಿಕೊಂಡದ್ದು ಕೇಳಿಸಿತು. ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆಮೇಲೆ, ಅಂಗಡಿಗೆ ಬಂದ ಹೊಸಬರ ಜೊತೆ ಮಾತಾಡುವ ದನಿಯಲ್ಲಿ, ಮೆಲ್ಲಗೆ, ಹೇಳಿದ:

"ನನ್ನ ಮಗಳು ಟೆನಿಸ್ ಆಡ್ತಾಳ್ರಿ. ಇವತ್ತು ಜಗತ್ತಿನ ಪಟ್ಟ್ಯಾಗ ಬಂದ್ಲ್ರಿ."

"ಹೌದೇನ್ರಿ," ಎಂದೆ ನಾನು. "ನನಗ ಗೊತ್ತ ಇರಲಿಲ್ಲ ನೋಡ್ರಿ."